ಬಾಂಬಿನ ಗೀಟು ಓದುತ್ತಿದ್ದ ಆವಲಪ್ಪ

ಅಮೆರಿಕದವರು ಎಷ್ಟು ದೊಡ್ಡ ಬಾಂಬು ಸಿಡಿಸಿದರು, ಅದನ್ನು ಕೇಳಿ ಹೊಟ್ಟೆ ಉರಿದುಕೊಂಡ ರಷ್ಯದವರು ಅದಕ್ಕಿಂತ ಎಷ್ಟು ದೊಡ್ಡದು ಸಿಡಿಸಿದರು ಎಂಬುದು ಪೇಪರಿಗೆ ಬರುವ ಮೊದಲೇ ಬೂದಿಗುಟ್ಟಹಳ್ಳಿಯ ಆವಲಪ್ಪನಿಗೆ ಗೊತ್ತಾಗುತ್ತಿತ್ತು. ಹೀಗೆಂದರೆ ಹೊರಗಿನವರು ನಗುತ್ತಾರೆ. ನಗುವವರು ನಗಲಿ. ಭೂಮಿಯ ಯಾವುದೋ ಮೂಲೆಯಲ್ಲಿ ಬಾಂಬು ಸಿಡಿದ ಕಾಲು ಗಂಟೆಯಲ್ಲೋ ಇಪ್ಪತ್ತು ನಿಮಿಷದಲ್ಲೋ ಅದರ ಗೀಟು ಗೌರಿಬಿದನೂರು ತಾಲ್ಲೂಕಿನಲ್ಲಿ, ಆವಲಪ್ಪನ ಕಣ್ಣೆದುರಿಗೆ, ಕಾಗದದ ಮೇಲೆ ಬಿದ್ದಿರುತ್ತಿತ್ತು.

ಊರಿನಿಂದ ಸ್ವಲ್ಪ ದೂರದಲ್ಲಿ ಭೂಮಿಯ ನಡುಕ ಅಳೆಯುವ ಸರಕಾರಿ ಕೇಂದ್ರವಿತ್ತು. ಕೇಂದ್ರದವರು ಸುತ್ತಲಿನ ಹೊಲಗಳಲ್ಲಿ ಸಾಲಾಗಿ ಗುಂಡಿ ತೋಡಿ, ಒಂದೊಂದರಲ್ಲೂ ಒಂದು ಯಂತ್ರ ಕೂರಿಸಿ ಮುಚ್ಚಳ ಹಾಕಿದ್ದರು. ಅಂಥದೊಂದು ಗುಂಡಿ ಆವಲಪ್ಪನ ಅಪ್ಪನ ಕಡಲೆಕಾಯಿ ಹೊಲಕ್ಕೂ ಬಂತು. ಜಾಗ ಬಿಟ್ಟುಕೊಟ್ಟವರ ಮಗನೆಂದು 1970ರಲ್ಲಿ ಹತ್ತೊಂಬತ್ತು ವರ್ಷದ ಆವಲಪ್ಪನನ್ನು ಕಾವಲಿಗೆ ಇಟ್ಟುಕೊಂಡರು. ಗುಂಡಿಯ ಹತ್ತಿರ ಎತ್ತು ಬಂದರೂ ಯಂತ್ರ ಅದನ್ನು ದೊಡ್ಡ ಸುದ್ದಿ ಮಾಡಿ ಬರೆದುಬಿಡುತ್ತಿತ್ತು, ಆದ್ದರಿಂದ ಎತ್ತು ಓಡಿಸುವುದೇ ಮೊದಲ ಕೆಲಸ. ಆಮೇಲೆ ಒಳಗೆ ಕಾಗದದ ಸುರುಳಿ ಬದಲಾಯಿಸುವ ಕೆಲಸ ಸಿಕ್ಕಿತು. ಸುರುಳಿ ಬದಲಾಯಿಸುತ್ತ ಬದಲಾಯಿಸುತ್ತ ಅದರ ಮೇಲಿನ ಗೀಟು ಓದುವುದನ್ನು ಯಾರೂ ಹೇಳಿಕೊಡದೆಯೇ ಅರ್ಧ ಕಲಿತ. ಉಳಿದರ್ಧವನ್ನು ಅಲ್ಲಿದ್ದ ಹಿರಿಯ ಎಂಜಿನಿಯರೊಬ್ಬರು ಕಲಿಸಿದರು.

ಭೂಕಂಪ ಬೇರೆ, ಬಾಂಬು ಬೇರೆ. ಭೂಕಂಪದಲ್ಲಿ ನೆಲ ಜಾರುತ್ತದೆ, ಒಂದು ಕಡೆ ತಳ್ಳಿ ಇನ್ನೊಂದು ಕಡೆ ಎಳೆಯುತ್ತದೆ, ಅದರ ಗೀಟು ಗೊಣಗುತ್ತ ಗೊಣಗುತ್ತ ಉದ್ದಕ್ಕೆ ಹೋಗುತ್ತದೆ. ಬಾಂಬು ಹಾಗಲ್ಲ. ಎಲ್ಲ ದಿಕ್ಕಿಗೂ ಒಟ್ಟಿಗೆ ಒದೆಯುತ್ತದೆ, ಥಟ್ಟನೆ ಏಳುತ್ತದೆ, ಬೇಗ ಅಡಗುತ್ತದೆ. ಇಷ್ಟು ಕಲಿತ ಮೇಲೆ ಆವಲಪ್ಪ ತಾನೇ ಒಂದು ವಿಷಯ ಕಂಡುಹಿಡಿದ. ಭೂಕಂಪ ಯಾವ ಗಳಿಗೆಯಲ್ಲಾದರೂ ಬರುತ್ತದೆ. ಬಾಂಬು ಸಿಡಿಸುವವರು ಮಾತ್ರ ಮನುಷ್ಯರು. ಅವರಿಗೆ ಡ್ಯೂಟಿ ಉಂಟು, ಊಟ ಉಂಟು, ಗಂಟೆ ನೋಡಿ ಗುಂಡಿ ಒತ್ತುವ ಚಾಳಿ ಉಂಟು. "ಭೂಕಂಪ ಗಡಿಯಾರ ನೋಡಲ್ಲ ಸಾರ್, ಬಾಂಬು ನೋಡ್ತದೆ" ಎಂದಾಗ ಎಂಜಿನಿಯರು ಬೆನ್ನು ತಟ್ಟಿದ್ದರು.

ಅದು ಎರಡು ದೊಡ್ಡ ದೇಶಗಳಿಗೆ ತಲೆಕೆಟ್ಟಿದ್ದ ಕಾಲ. ಅಮೆರಿಕ 1971ರಲ್ಲಿ ಅಲಾಸ್ಕಾ ಕಡೆಯ ಒಂದು ದ್ವೀಪದ ಕೆಳಗೆ ಐದು ಮೆಗಾಟನ್ನಿನ ಬಾಂಬು ಸಿಡಿಸಿತು. ಹಿರೋಷಿಮಾ ಊರನ್ನು ಸುಟ್ಟ ಬಾಂಬಿನ ಮುನ್ನೂರು ಪಾಲಿಗಿಂತ ಹೆಚ್ಚು. ಅದಕ್ಕೂ ಹತ್ತು ವರ್ಷ ಮೊದಲೇ ರಷ್ಯ ಆಕಾಶದಲ್ಲಿ ಐವತ್ತು ಮೆಗಾಟನ್ನಿನದನ್ನು ಸಿಡಿಸಿ ಮೀಸೆ ತಿರುವಿತ್ತು. 1973ರ ಅಕ್ಟೋಬರಿನ ಒಂದು ಮಧ್ಯಾಹ್ನ ಆವಲಪ್ಪ ಇನ್ನೇನು ಊಟದ ಡಬ್ಬಿ ಬಿಚ್ಚಬೇಕು, ಗೀಟು ಎಳೆಯುವ ಯಂತ್ರದ ಮುಳ್ಳು ಕಾಗದದ ಈ ಅಂಚಿನಿಂದ ಆ ಅಂಚಿಗೆ ಟಪಟಪ ಬಡಿಯತೊಡಗಿತು. ಅದೂ ರಷ್ಯದ್ದೇ, ಉತ್ತರದ ಹಿಮದ ದ್ವೀಪದಲ್ಲಿ. ಆರು ಸಾವಿರ ಕಿಲೋಮೀಟರಿನಾಚೆಯ ಏಟಿಗೆ ಗೌರಿಬಿದನೂರಿನ ಮುಳ್ಳು ಕುಣಿದಿತ್ತು. ಆವಲಪ್ಪ ಡಬ್ಬಿ ಮುಚ್ಚಿಟ್ಟು ಎಂಜಿನಿಯರ ಹತ್ತಿರ ಹೋದ.

"ಇಷ್ಟು ದೊಡ್ಡದನ್ನ ಯಾರ ಮೇಲೆ ಹಾಕ್ತಾರೆ ಸಾರ್?" ಎಂದು ಕೇಳಿದ.

"ಯಾರ ಮೇಲೂ ಅಲ್ಲ ಆವಲಪ್ಪ. ಪಕ್ಕದವನಿಗೆ ಕೇಳಿಸ್ಬೇಕು, ಅಷ್ಟೇ" ಎಂದರು ಎಂಜಿನಿಯರು.

ಆವಲಪ್ಪ 2011ರಲ್ಲಿ ನಿವೃತ್ತನಾದ. ಅಷ್ಟರಲ್ಲಿ ದೊಡ್ಡ ದೇಶಗಳೆರಡೂ ಸಿಡಿಸುವುದನ್ನು ನಿಲ್ಲಿಸಿ ಇಪ್ಪತ್ತು ವರ್ಷವೇ ಆಗುತ್ತ ಬಂದಿತ್ತು. ಈಗ ಎಪ್ಪತ್ತನಾಲ್ಕು. ತಾನು ಮಾಡಿದ ಕೆಲಸವೇನೆಂದು ಊರಿಗೆ ಬಿಡಿಸಿ ಹೇಳಲು ಅವನಿಗೆ ಆಗಿರಲಿಲ್ಲ, ಊರಿಗೂ ಕೇಳುವ ಪುರುಸೊತ್ತಿರಲಿಲ್ಲ. ಸರಕಾರದ ಸಂಬಳ ತಗೊಂಡು ನಲವತ್ತೊಂದು ವರ್ಷ ಮುಳ್ಳು ನೋಡಿಕೊಂಡು ಕೂತಿದ್ದ ಪುಣ್ಯವಂತ ಎಂಬುದೇ ಊರಿನ ಲೆಕ್ಕ.

ಊರವರು ಗುಟ್ಟ ಎನ್ನುವ ಹಿಂದಿನ ಕಲ್ಲುಬೆಟ್ಟದ ಮೇಲೆ ಎರಡು ಕಲ್ಲು ಕ್ವಾರಿ ಬಂದದ್ದು ಆಮೇಲೆ. ಪೂರ್ವದ ಕಡೆಯದು ಚಿಂತಾಮಣಿಯ ಮುರಳಿಮೋಹನನದು, ಪಡುವಣ ಕಡೆಯದು ಗೌರಿಬಿದನೂರಿನ ಸುನೀಲ್‌ಕುಮಾರನದು. ಪರ್ಮಿಟ್ಟಿನಲ್ಲಿ ಇದ್ದದ್ದು ಇಷ್ಟು: ದಿನಕ್ಕೆ ಹತ್ತು ಕುಳಿ ಕೊರೆದು, ಮದ್ದು ತುಂಬಿ, ಒಂದಾದ ಮೇಲೊಂದು ಸಿಡಿಸಬಹುದು. ಆದರೆ ದೊಡ್ಡ ಸದ್ದು ಬಂದ ಕಡೆ ಕಲ್ಲು ಜಾಸ್ತಿ ಬಿದ್ದಿರುತ್ತದೆ ಎಂದು ಟಿಪ್ಪರುಗಳು ಆ ಕಡೆಗೇ ತಿರುಗುತ್ತಿದ್ದವು. ಇವನು ಇಪ್ಪತ್ತು ಕುಳಿ ಒಟ್ಟಿಗೆ ಸಿಡಿಸಿದರೆ ಅವನು ಮೂವತ್ತು. ಅವನ ಸದ್ದಿಗೆ ಇವನ ನಿದ್ದೆ ಹಾರಿತು, ಇವನು ಐವತ್ತು. ಕೊನೆಕೊನೆಗೆ ಟಿಪ್ಪರಿನ ಮಾತೂ ಮರೆತುಹೋಗಿ, ಗುಟ್ಟದ ಆಚೆಯವನು ಬೆಚ್ಚಿಬೀಳಬೇಕು ಎಂಬುದೊಂದೇ ಉಳಿಯಿತು. ಗುಟ್ಟದ ಕೆಳಗೆ ಒಂದು ಊರಿದೆ ಎಂಬುದು ಇಬ್ಬರಿಗೂ ನೆನಪಿರಲಿಲ್ಲ.

ಹೋದ ವರ್ಷ ಒಂದು ಭಾನುವಾರ ಸಂಜೆ ಮಳೆ ಗುಡುಗಿನ ಆರ್ಭಟ. ಕ್ವಾರಿಗಳಿಗೆ ರಜೆಯೆಂದೇ ಎಲ್ಲರೂ ತಿಳಿದಿದ್ದರು. ಇದ್ದಕ್ಕಿದ್ದಂತೆ ನೆಲ ನಡುಗಿತು. ಆವಲಪ್ಪನ ಹೆಂಡತಿ ಕದಿರಮ್ಮನ ಅಡುಗೆಮನೆಯಲ್ಲಿ ಪಾತ್ರೆಗಳು ದಬದಬ ಉರುಳಿದವು. ನಡುಕ ಏಳೆಂಟು ಸೆಕೆಂಡು ಎಳೆಯಿತು. ಬೆಳಗಾಗಿ ನೋಡಿದರೆ ಪ್ರಾಥಮಿಕ ಶಾಲೆಯ ಗೋಡೆ ಸೂರಿನಿಂದ ನೆಲದವರೆಗೆ ಬಿರುಕು ಬಿಟ್ಟಿತ್ತು. ಊರೆಲ್ಲ ಆವಲಪ್ಪನ ಬಾಗಿಲಿಗೆ ಬಂತು. ಇಷ್ಟು ವರ್ಷ ಯಾರೂ ಕೇಳದವನನ್ನು ಎಲ್ಲರೂ ಒಟ್ಟಿಗೆ ಕೇಳಿದರು. ಒಬ್ಬ ಫೋನು ಎತ್ತಿ ಹಿಡಿದ. ಆವಲಪ್ಪನಿಗೆ ಜಂಬ ತಲೆಗೇರಿತು. ಗೀಟು ನೋಡದೆ ಒಂದಕ್ಷರ ಹೇಳಬಾರದು ಎಂಬ ತನ್ನ ಕಸುಬಿನ ಮೊದಲ ಪಾಠವನ್ನೇ ಮರೆತು, ಶಲ್ಯ ಸರಿಮಾಡಿಕೊಂಡು, "ಇದು ಶುದ್ಧ ಭೂಕಂಪ. ನಲವತ್ತೊಂದು ವರ್ಷ ನೋಡಿದೀನಿ. ಇಷ್ಟುದ್ದ ನಡುಕ ಬಾಂಬಿಂದು ಇರಲ್ಲ" ಎಂದುಬಿಟ್ಟ.

ಆ ವಿಡಿಯೋ ಶಿಡ್ಲಘಟ್ಟದವರೆಗೂ ಹೋಯಿತು. ಪಂಚಾಯಿತಿಯವರು ಮಹಜರು ಬರೆದು ಕೆಳಗೆ ಆವಲಪ್ಪನ ರುಜು ಹಾಕಿಸಿಕೊಂಡರು. ಕ್ವಾರಿಯವರಿಗೆ ಹಬ್ಬವೋ ಹಬ್ಬ. ಅಂದಿನಿಂದ ಯಾರ ಮನೆ ಗೋಡೆ ಬಿರಿದರೂ "ಸದ್ದು ನಮ್ದು, ನಡುಕ ಭೂಕಂಪದ್ದು. ಬೇಕಾದ್ರೆ ನಿಮ್ಮ ಆವಲಪ್ಪನ್ನೇ ಕೇಳ್ರಿ" ಎಂದು ವಿಡಿಯೋ ತೋರಿಸುತ್ತಿದ್ದರು. ಶಾಲೆ ನೋಡಲು ಬಂದ ಶಿಕ್ಷಣ ಇಲಾಖೆಯವರೂ ಅದೇ ಮಹಜರನ್ನು ಹಿಡಿದು, ಭೂಕಂಪದಿಂದ ಹಾನಿಯಾಗಿದೆ, ಈ ಜಾಗ ಯೋಗ್ಯವಲ್ಲ, ಬರುವ ತಿಂಗಳ ಒಂದನೇ ತಾರೀಖಿನಿಂದ ಮಕ್ಕಳು ಪಕ್ಕದ ಊರಿನ ಶಾಲೆಗೆ ಹೋಗಲಿ ಎಂದು ಬರೆದು ಹೋದರು. ಪಕ್ಕದ ಊರು ನಾಲ್ಕು ಕಿಲೋಮೀಟರು. ಆ ದಾರಿಯಲ್ಲಿ ಟಿಪ್ಪರುಗಳು ಒಂದರ ಬಾಲ ಒಂದು ಹಿಡಿದು ಓಡುತ್ತವೆ. ಇಪ್ಪತ್ತಮೂರು ಮಕ್ಕಳಲ್ಲಿ ಎಷ್ಟು ಜನ ಹೋದಾರು, ಎಷ್ಟು ಜನ ಮನೆಯಲ್ಲಿ ಉಳಿದಾರು ಎಂಬುದು ಅವರ ಮೇಡಂ ಅಮೃತರಿಗೆ ಚೆನ್ನಾಗಿ ಗೊತ್ತಿತ್ತು.

ಆವಲಪ್ಪನ ತಪ್ಪನ್ನು ಅವನಿಗೆ ತೋರಿಸಿದ್ದು ಕದಿರಮ್ಮ. ಅದೂ ಒಂದು ಉಪ್ಪಿನಕಾಯಿ ಜಾಡಿಯಿಂದ. ಮಧ್ಯಾಹ್ನ ಒಂದು ಗಂಟೆ ಆಗುತ್ತಲೇ ಅವಳು ಅಟ್ಟಣೆಯ ಮೇಲಿನ ಜಾಡಿಯನ್ನು ಕೆಳಗಿಳಿಸಿ ಮೂಲೆಯಲ್ಲಿಡುವುದನ್ನು ಅವನು ಕಂಡ.

"ಯಾಕೆ ಇಳಿಸ್ತೀಯೇ ಅದನ್ನ?"

"ಒಂದು ಹತ್ತಕ್ಕೆ ನಿನ್ನ ಭೂಕಂಪ ಬರ್ತದಲ್ಲ, ಅದಕ್ಕೆ. ಆಮೇಲೆ ಸಂಜೆ ಐದಕ್ಕೊಂದು. ಅದಾದ್ಮೇಲೆ ಮೇಲಕ್ಕಿಟ್ರೆ ಬೆಳಗಿನ ತನಕ ಯೋಚನೆ ಇಲ್ಲ" ಎಂದಳು ಕದಿರಮ್ಮ, ಬಲು ಸಹಜವಾಗಿ.

ಭೂಕಂಪ ಗಡಿಯಾರ ನೋಡುವುದಿಲ್ಲವೆಂದು ತಾನೇ ಹಿಂದೆ ಹೇಳಿದ್ದು ಉಣ್ಣುತ್ತಿದ್ದ ಆವಲಪ್ಪನಿಗೆ ನೆನಪಾಯಿತು. ಗಡಿಯಾರದ ಮುಳ್ಳು ಒಂದು ಹತ್ತಕ್ಕೆ ಬಂತು. ಗುಟ್ಟದ ಪೂರ್ವದಿಂದ ಸದ್ದು, ಕಾಲ ಕೆಳಗೆ ನಡುಕ. ಅವನಿಗೆ ನಾಚಿಕೆಯಾಯಿತು. ಕದಿರಮ್ಮನ ಎದುರಿಗೆ ನಾಚಿಕೆ, ಸತ್ತುಹೋದ ಎಂಜಿನಿಯರ ನೆನಪಿಗೆ ನಾಚಿಕೆ, ಎಲ್ಲಕ್ಕಿಂತ ಆ ಇಪ್ಪತ್ತಮೂರು ಮಕ್ಕಳ ಮುಖ ನೆನೆದು ನಾಚಿಕೆ. ಶಾಲೆ ಮುಚ್ಚಿಸುತ್ತಿರುವುದು ಕ್ವಾರಿಯಲ್ಲ, ತನ್ನ ರುಜು. ಕೈ ತೊಳೆದು ಗೌರಿಬಿದನೂರಿನ ಬಸ್ಸು ಹತ್ತಿದ.

ಕೇಂದ್ರದಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ ದಸ್ತಗಿರ್ ಈಗ ಪೇಟೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾನೆ. ಆವಲಪ್ಪನಿಗಿಂತ ಐದು ವರ್ಷ ಚಿಕ್ಕವನು. ಕತೆಯೆಲ್ಲ ಕೇಳಿ ಕನ್ನಡಕ ಒರೆಸಿಕೊಂಡ.

"ನಾನೂ ವಿಡಿಯೋ ನೋಡ್ದೆ ಅಣ್ಣಾ. ಗೀಟಿಲ್ದೆ ಬಾಯಿ ಬಿಟ್ಬಿಟ್ರಲ್ಲ ಅಂತ ಎರಡು ದಿನ ಸಿಟ್ಟಿತ್ತು."

"ಬೈಯೋದು ಆಮೇಲೆ ಬೈಯ್ಯಪ್ಪ. ಈಗ ನನಗೊಂದು ಮುಳ್ಳು ಮಾಡ್ಕೊಡು."

ದಸ್ತಗಿರ್ ಹಳೇ ಲೌಡ್‌ಸ್ಪೀಕರಿನ ಅಯಸ್ಕಾಂತ ಬಿಚ್ಚಿದ. ಅದಕ್ಕೊಂದು ಸ್ಪ್ರಿಂಗು, ಒಂದು ತಂತಿಯ ಸುರುಳಿ, ಮೇಲೊಂದು ಪೆನ್ನಿನ ಕಡ್ಡಿ, ಕಾಗದದ ಸುರುಳಿ ನಿಧಾನವಾಗಿ ತಿರುಗಲು ಒಂದು ಮೋಟರು. ನಾಲ್ಕು ದಿನದಲ್ಲಿ ಅಮೃತ ಮೇಡಮ್ಮಿನ ಒಪ್ಪಿಗೆ ಪಡೆದು ಶಾಲೆಯ ಮೂಲೆಯ ಕೋಣೆಯಲ್ಲಿ ಅದನ್ನು ನೆಲಕ್ಕೆ ಗಟ್ಟಿ ಕೂರಿಸಿದರು. ನೋಡುವುದಕ್ಕೆ ಮುರಿದ ಹೊಲಿಗೆ ಮಿಷಿನ್ನಿನ ಹಾಗಿತ್ತು. ಮೊದಲ ದಿನ ಒಂದು ಹತ್ತಕ್ಕೆ ಮುಳ್ಳು ಥಟ್ಟನೆ ಎದ್ದು, ಒದ್ದು, ಅಡಗಿತು. ಹತ್ತು ಕುಳಿ ಒಂದಾದ ಮೇಲೊಂದು ಸಿಡಿದಿದ್ದರೆ ಗೀಟಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣ ಸಣ್ಣ ಏಟು ಕಾಣಬೇಕು. ಇಲ್ಲಿ ಇದ್ದದ್ದು ಒಂದೇ ಗೂಟ. ಇಬ್ಬರು ಮುದುಕರೂ ಆ ಕಾಗದದ ಮೇಲೆ ಬಗ್ಗಿಕೊಂಡು ಗೂಟದ ಎತ್ತರವನ್ನು ಬೆರಳಿನಿಂದ ಅಳೆದರು. ದಸ್ತಗಿರನ ಕಣ್ಣಲ್ಲಿ ನೀರು ಬಂದಿತ್ತು, ಹಳೇ ಕೆಲಸ ಮತ್ತೆ ಕೈಗೆ ಸಿಕ್ಕಿದ್ದಕ್ಕೆ.

ಎರಡು ವಾರ ಆವಲಪ್ಪ ಗೀಟು ಹಿಡಿದ. ಒಂದೊಂದರ ಮೇಲೂ ತಾರೀಖು, ಗಂಟೆ, ನಿಮಿಷ ಬರೆದ. ಒಂದು ಹತ್ತರದು ಮುರಳಿಮೋಹನನದು, ಐದರದು ಸುನೀಲ್‌ಕುಮಾರನದು. ಸಾಲಾಗಿ ಹಾಸಿ ನೋಡಿದಾಗ ಅವನ ಮೈ ಜುಂ ಎಂದಿತು. ಇವನದೊಂದು ಏಟು, ಎರಡೇ ದಿನಕ್ಕೆ ಅವನದು ಅದಕ್ಕಿಂತ ಒಂದು ಬೆರಳು ಎತ್ತರ. ಮತ್ತೆ ಇವನದು ಇನ್ನೂ ಎತ್ತರ. ಎಪ್ಪತ್ತರ ದಶಕದಲ್ಲಿ ತಾನು ನೋಡಿದ್ದ ಹುಚ್ಚೇ ಇದು. ದೇಶ ಚಿಕ್ಕದಾಗಿತ್ತು, ಅಷ್ಟೇ.

ಅಮೃತ ಮೇಡಮ್ಮು, ಊರಿನವರು ಸೇರಿ ಅರ್ಜಿ ಕೊಟ್ಟ ಮೇಲೆ ಇಪ್ಪತ್ತೇಳನೇ ತಾರೀಖು ಚಿಕ್ಕಬಳ್ಳಾಪುರದಿಂದ ಗಣಿ ಅಧಿಕಾರಿ ಶಿರೀಷಾ ಬಂದರು. ಶಾಲೆ ಮುಚ್ಚಲು ಇನ್ನು ನಾಲ್ಕೇ ದಿನ. ಅಂಗಳದಲ್ಲಿ ಊರೆಲ್ಲ ನೆರೆದಿತ್ತು. ಬಿಳಿ ಕಾರುಗಳಲ್ಲಿ ಇಬ್ಬರು ಮಾಲೀಕರೂ ಬಂದು ಒಬ್ಬರ ಮುಖ ಒಬ್ಬರು ನೋಡದೆ ಎದುರುಬದುರು ಕೂತರು.

ಆವಲಪ್ಪ ಎದ್ದು ನಿಂತ. "ಮೊದ್ಲು ನನ್ನ ತಪ್ಪು ಹೇಳ್ಬಿಡ್ತೀನಿ ತಾಯಿ. ಅವತ್ತು ಗೀಟು ನೋಡ್ದೆ ಭೂಕಂಪ ಅಂದೆ. ಫೋನು ಕಂಡು ಜಂಬ ಬಂತು. ಅದು ಭೂಕಂಪ ಅಲ್ಲ, ಈ ಇಬ್ರುದು."

ಸುನೀಲ್‌ಕುಮಾರ ಫೋನು ತೆಗೆದು ವಿಡಿಯೋ ಹಾಕಿದ. "ಇದು ಶುದ್ಧ ಭೂಕಂಪ" ಎಂದು ಆವಲಪ್ಪನದೇ ದನಿ ಅಂಗಳದಲ್ಲೆಲ್ಲ ಕೇಳಿಸಿತು. ಮಾಲೀಕರ ಕಡೆಯವರು ಗೊಳ್ಳೆಂದು ನಕ್ಕರು. ಆವಲಪ್ಪನ ಕಿವಿ ಕೆಂಪಾಯಿತು, ಆದರೆ ಕೂರಲಿಲ್ಲ.

ಶಿರೀಷಾ ಮೂಲೆ ಕೋಣೆಯ ಯಂತ್ರವನ್ನು ನೋಡಿ ಬಂದು ತಲೆಯಾಡಿಸಿದರು. "ಯಜಮಾನ್ರೇ, ನನಗೆ ಅರ್ಥ ಆಗತ್ತೆ. ಆದ್ರೆ ಮನೇಲಿ ಮಾಡಿದ ಮಿಷಿನ್ನು. ಇದಕ್ಕೆ ಸೀಲಿಲ್ಲ, ಸರ್ಟಿಫಿಕೇಟ್ ಇಲ್ಲ. ಇದನ್ನ ಸಾಕ್ಷಿ ಅಂತ ನಾನು ಬರ್ಕೊಳ್ಳೋಕಾಗಲ್ಲ. ಇವ್ರು ಹತ್ತೇ ಕುಳಿ ಸಿಡಿಸಿದ್ವಿ ಅಂತಾರೆ."

"ಹತ್ತೇ ಮೇಡಂ" ಎಂದ ಮುರಳಿಮೋಹನ.

"ಹತ್ತಕ್ಕಿಂತ ಒಂದೂ ಜಾಸ್ತಿ ಇಲ್ಲ" ಎಂದ ಸುನೀಲ್‌ಕುಮಾರ. ಬದುಕಿನಲ್ಲಿ ಮೊದಲ ಸಲ ಇಬ್ಬರೂ ಒಂದೇ ಮಾತಾಡಿದ್ದರು.

ಅಂಗಳ ಸಪ್ಪಗಾಯಿತು. ಅಮೃತ ಮೇಡಂ ತಲೆ ತಗ್ಗಿಸಿದರು. ಆವಲಪ್ಪ ಆ ಇಬ್ಬರ ಮುಖವನ್ನೇ ನೋಡುತ್ತಿದ್ದ. ಪಕ್ಕದವನಿಗೆ ಕೇಳಿಸಬೇಕು ಎಂದು ಎಂಜಿನಿಯರು ಹೇಳಿದ ಮಾತು ಆಗ ಅವನಿಗೆ ಹೊಳೆಯಿತು. ಕದ್ದು ಸಿಡಿಸುವವನಿಗೂ ಒಂದು ಸಂಕಟವಿದೆ. ತನ್ನದೇ ದೊಡ್ಡದೆಂದು ಯಾರಾದರೂ ಹೇಳದಿದ್ದರೆ ಅವನಿಗೆ ತಿಂದ ಅನ್ನ ಅರಗುವುದಿಲ್ಲ.

"ಬರ್ಕೊಬೇಡಿ ತಾಯಿ. ಸುಮ್ನೆ ಕೇಳಿಸ್ಕೊಳ್ಳಿ. ನಲವತ್ತೊಂದು ವರ್ಷ ಓದಿದೀನಿ, ಒಂದ್ಸಲ ಓದ್ಬಿಡ್ತೀನಿ" ಎಂದು ಬೆಂಚಿನ ಮೇಲೆ ಕಾಗದ ಹಾಸಿದ. ಗುರುವಾರದ ಹಾಳೆಯೊಂದನ್ನು ಮಾತ್ರ ಕಂಕುಳಲ್ಲಿ ಉಳಿಸಿಕೊಂಡ.

"ಸೋಮವಾರ ಒಂದು ಹತ್ತು, ಮುರಳಿಮೋಹನಪ್ಪಂದು. ಪರವಾಗಿಲ್ಲ, ಏಟು ಇಷ್ಟೆತ್ತರ. ಮಂಗಳವಾರ ಸಂಜೆ ಐದು, ಸುನೀಲ್‌ಕುಮಾರಪ್ಪಂದು. ಅಬ್ಬಬ್ಬ! ಇದ್ರ ಮುಂದೆ ಸೋಮವಾರದ್ದು ದೀಪಾವಳಿ ಪಟಾಕಿ. ಏನ್ ಕೆಲ್ಸಗಾರಪ್ಪ ಇವ್ನು! ಈ ಬೆಂಚಿನ ಮೇಲಿರೋದ್ರಲ್ಲಿ ಇದೇ ರಾಜ."

ಸುನೀಲ್‌ಕುಮಾರನ ಮುಖ ಅರಳಿತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಅವನ ಕಡೆಯವನೊಬ್ಬ ಸಿಳ್ಳೆ ಹಾಕಿಯೇಬಿಟ್ಟ. ಮುರಳಿಮೋಹನ ಕುರ್ಚಿಯಿಂದ ಅರ್ಧ ಎದ್ದ.

"ಏಮಯ್ಯಾ ಮುದುಕಪ್ಪ, ಸರಿಯಾಗಿ ನೋಡು. ಅವನದ್ಯಾವ ರಾಜ?"

"ಗೀಟು ಹೇಳ್ತದಪ್ಪ, ನಾನಲ್ಲ. ನಿನ್ನದು ಚಿಕ್ಕದೇ. ಅದರಲ್ಲಿ ನಾಚ್ಕೊಳ್ಳೋದೇನಿದೆ?"

"ಚಿಕ್ಕದಾ? ಗುರುವಾರದ್ದು ಎಲ್ಲಿ? ಗುರುವಾರದ್ದು ತೋರ್ಸು! ನೂರಿಪ್ಪತ್ತು ಕುಳಿ, ಒಂದೇ ಏಟಿಗೆ! ಅವ್ನ ಜನ್ಮದಲ್ಲಿ ಎಂಬತ್ತು ದಾಟಿಲ್ಲ!"

"ಎಂಬತ್ತಾ?" ಸುನೀಲ್‌ಕುಮಾರ ಎದ್ದು ನಿಂತ. "ಆ ಭಾನುವಾರ ಮಳೇಲಿ ನೂರು ಸಿಡಿಸಿದ್ದು ಯಾರು? ನಿಮ್ಮಪ್ಪನಾ?"

"ಭಾನುವಾರ ನಾನೂ ಸಿಡಿಸಿದ್ದೆ ಕಣೋ! ಗುಡುಗಲ್ಲಿ ಯಾರಿಗೂ ಗೊತ್ತಾಗಲ್ಲ ಅಂತ..."

ಮುರಳಿಮೋಹನ ಅಲ್ಲಿಗೆ ನಿಲ್ಲಿಸಿದ. ಎರಡು ಕಡೆಯಿಂದಲೂ ಒಂದರ ಹಿಂದೊಂದು ಸಿಡಿದದ್ದಕ್ಕೇ ಆ ಭಾನುವಾರ ನಡುಕ ಅಷ್ಟು ಉದ್ದ ಎಳೆದಿತ್ತು ಎಂಬುದು ಆವಲಪ್ಪನಿಗೆ ಆಗ ಅರ್ಥವಾಯಿತು. ಶಿರೀಷಾ ಮೇಡಮ್ಮಿನ ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ಅವರು ತಲೆಯೆತ್ತದೆ ಕೇಳಿದರು: "ಇನ್ನೊಂದ್ಸಲ ಹೇಳಿ. ನೂರಿಪ್ಪತ್ತು ಯಾರದು, ನೂರು ಯಾರದು?"

ಆವಲಪ್ಪ ಕಂಕುಳಿನ ಹಾಳೆ ತೆಗೆದು ಬೆಂಚಿನ ಮೇಲೆ ಬಿಡಿಸಿದ. ಗುರುವಾರದ ಗೂಟ ಕಾಗದದ ಅಂಚು ದಾಟಿ ಹೋಗಿತ್ತು. "ಮುರಳಿಮೋಹನಪ್ಪ ಹೇಳಿದ್ದು ಸುಳ್ಳಲ್ಲ ತಾಯಿ. ಇದೇ ಎಲ್ಲಕ್ಕಿಂತ ದೊಡ್ಡದು" ಎಂದ. ಆಗ ನೋಡಬೇಕಿತ್ತು ಬೂದಿಗುಟ್ಟಹಳ್ಳಿಯನ್ನು. ಗಂಡಸರು ಚಪ್ಪಾಳೆ ತಟ್ಟಿದರು, ಹೆಂಗಸರು ಕೂಗಿದರು, ಮಕ್ಕಳು ಯಾಕೆಂದು ಗೊತ್ತಿಲ್ಲದೆ ಕುಣಿದವು. ದಸ್ತಗಿರ್ ಆವಲಪ್ಪನನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಕದಿರಮ್ಮ ಜನರ ನಡುವಿನಿಂದ ಬಂದು ಗಂಡನ ಶಲ್ಯ ಸರಿಮಾಡಿ, "ಈಗ ತೆಗೀರೋ ವಿಡಿಯೋ" ಎಂದಳು.

ಅದೇ ಸಂಜೆ ಎರಡು ಕ್ವಾರಿಗೂ ಬೀಗ ಬಿತ್ತು. ಪಂಚಾಯಿತಿಯವರು ಹಳೇ ಮಹಜರು ರದ್ದು ಮಾಡಿ ಹೊಸದು ಬರೆದರು. ಆವಲಪ್ಪ ಈ ಸಲ ಪ್ರತಿ ಸಾಲನ್ನೂ ಎರಡು ಸಲ ಓದಿಸಿಕೊಂಡು ರುಜು ಹಾಕಿದ. ಶಾಲೆ ಮುಚ್ಚುವ ಆದೇಶ ವಾಪಸ್ಸಾಯಿತು. ಗೋಡೆ ಹೊಸದಾಗಿ ಕಟ್ಟಿಸುವ ಖರ್ಚು ಮಾಲೀಕರಿಬ್ಬರ ತಲೆಗೇ ಬಂತು. ಗೋಡೆ ಏಳುವವರೆಗೆ ಅಮೃತ ಮೇಡಂ ಹೊಂಗೆಮರದ ನೆರಳಲ್ಲಿ ಪಾಠ ಮಾಡಿದರು. ಒಂದನೇ ತಾರೀಖಿಗೆ ಇಪ್ಪತ್ತಮೂರು ಮಕ್ಕಳೂ ಅಲ್ಲೇ ಇದ್ದರು.

ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮುರಳಿಮೋಹನ ಒಬ್ಬನೇ ಆವಲಪ್ಪನ ಮನೆಗೆ ಬಂದ. ಕೈಯಲ್ಲಿ ನಂದಿ ಕಡೆಯ ದ್ರಾಕ್ಷಿಯ ಪೆಟ್ಟಿಗೆ. ಜಗಲಿಯ ಮೇಲೆ ಕೂತು, ಮಳೆಯ ಮಾತಾಡಿ, ಬೆಳೆಯ ಮಾತಾಡಿ, ಕದಿರಮ್ಮ ಕೊಟ್ಟ ಕಾಫಿ ಕುಡಿದು, ಕೊನೆಗೆ ದನಿ ತಗ್ಗಿಸಿದ.

"ಆಗಿದ್ದಾಯ್ತು ಬಿಡಿ ಯಜಮಾನ್ರೇ. ನಮ್ಮಿಬ್ರಲ್ಲೇ ಇರ್ಲಿ. ನೀವು ಇಷ್ಟು ವರ್ಷದಲ್ಲಿ ನೋಡಿದ್ರಲ್ಲಿ ನಮ್ಮ ಗುರುವಾರದ್ದು ಎಷ್ಟನೇದು ಬರ್ತದೆ?"

ಆವಲಪ್ಪ ಅವನನ್ನು ಒಂದು ಗಳಿಗೆ ನೋಡಿದ. ಸಿಟ್ಟು ಬರಲಿಲ್ಲ, ಪಾಪ ಅನ್ನಿಸಿತು.

"ನೋಡಪ್ಪ, ಇಡೀ ಊರು ಸುಡೋ ಅಂಥವು ನೂರಾರು ಒಟ್ಟಿಗೆ ಕಟ್ಟಿದ ಹಾಗಿತ್ತು ಅವ್ರ ಒಂದೊಂದು ಬಾಂಬು. ರಷ್ಯದಲ್ಲಿ ಸಿಡಿಸಿದ್ರೆ ಇಲ್ಲಿ ನನ್ನ ಮುಳ್ಳು ಕುಣೀತಿತ್ತು. ಅದಕ್ಕಿಂತ ದೊಡ್ಡದು ಮಾಡೋ ತಾಕತ್ತೂ ಇತ್ತು ಅವ್ರಿಗೆ. ಅಂಥೋರೇ ಕೊನೆಗೆ ಸಾಕು ಅಂತ ನಿಲ್ಸಿದ್ರು." ಅವನು ದ್ರಾಕ್ಷಿಯ ಪೆಟ್ಟಿಗೆಯನ್ನು ಮೆಲ್ಲಗೆ ಮುರಳಿಮೋಹನನ ಕಡೆಗೇ ತಳ್ಳಿದ. "ನೀನ್ಯಾವೂರ ದಾಸಯ್ಯನಪ್ಪಾ?"